ತಿನಿಸಿನ ಬಣ್ಣ: ಸಾಕ್ಷ್ಯವನ್ನು ಯಾರು ಒದಗಿಸಬೇಕು?

ಸಂಜೆಯ ವೇಳೆ ಪೇಟೆಯ ಬೀದಿಯಲ್ಲಿ ತಳ್ಳುಗಾಡಿಯ ಮುಂದೆ ನಿಂತು ಕಡುಗೆಂಪಾದ ಗೋಬಿ ಮಂಚೂರಿ ತಿನ್ನದ ವಿದ್ಯಾರ್ಥಿಗಳು ವಿರಳ. ಹೂಕೋಸು ಬಿಳುಪು, ಅದಕ್ಕೆ ಸವರುವ ಮೈದಾಹಿಟ್ಟೂ ಬಿಳುಪು. ಬ್ಯಾಡಗಿ ಮೆಣಸಿನಕಾಯಿ ಒಂದಿಷ್ಟು ಕೆಂಪನ್ನು ಕೊಡಬಹುದು. ಆದರೆ ಬೆರಳಿಗೆ ಹತ್ತಿ, ತೊಳೆದರೂ ಹೋಗದಂಥ ಕೆಂಪು ಎಲ್ಲಿಂದ ಬಂದಿತು?

2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಈ ಪ್ರಶ್ನೆಗೆ ಉತ್ತರವನ್ನು ಪ್ರಕಟಿಸಿತು. ಪರೀಕ್ಷೆಗೊಳಗಾದ 171 ಗೋಬಿ ಮಾದರಿಗಳ ಪೈಕಿ 107ರಲ್ಲಿಯೂ, 25 ಬೊಂಬಾಯಿ ಮಿಠಾಯಿ ಮಾದರಿಗಳ ಪೈಕಿ 15ರಲ್ಲಿಯೂ ಅಪಾಯಕರವಾದ ಕೃತಕ ಬಣ್ಣಗಳು ಕಂಡುಬಂದಿದ್ದುವು. ಅಂತಹ ಬಣ್ಣಗಳ ಬಳಕೆಯನ್ನು ಸರ್ಕಾರವು ನಿಷೇಧಿಸಿತು. ಅವುಗಳಲ್ಲಿ ಮುಖ್ಯವಾದುದು ರೋಡಮೈನ್-ಬಿ. ಇದು ಬಟ್ಟೆ, ಕಾಗದ ಮೊದಲಾದುವುಗಳಿಗೆ ಹಾಕತಕ್ಕ ಬಣ್ಣ. ಆಹಾರದಲ್ಲಿ ಮಿತವಾಗಿ ಬಳಸಲು ಭಾರತದ ಕಾನೂನು ಒಪ್ಪಿರುವ 8 ಕೃತಕ ಬಣ್ಣಗಳಲ್ಲಿ ಇದು ಸೇರಿಲ್ಲ.

"ವರ್ಷಗಟ್ಟಲೆ ತಿಂದಿದ್ದೇವೆ, ನಮಗೇನೂ ಆಗಿಲ್ಲವಲ್ಲ!" ಎಂದು ಕೆಲವರು ಆಕ್ಷೇಪಿಸುವರು. ಈ ಮಾತನ್ನು ಹಗುರವಾಗಿ ತಳ್ಳಿಹಾಕುವುದು ವಿಜ್ಞಾನಕ್ಕೆ ತಕ್ಕುದಲ್ಲ. ಇಲಿಗಳ ಚರ್ಮದಡಿಗೆ ರೋಡಮೈನ್-ಬಿಯನ್ನು ಚುಚ್ಚಿದಾಗ ಆ ಸ್ಥಳದಲ್ಲಿ ದುರ್ಮಾಂಸದ ಗಡ್ಡೆಗಳು ಬೆಳೆದುದು ನಿಜ. ಆದರೆ ಮನುಷ್ಯರ ವಿಷಯದಲ್ಲಿ ತೀರ್ಮಾನ ಹೇಳಲು ಸಾಕಷ್ಟು ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅದನ್ನು 3ನೆಯ ಗುಂಪಿನಲ್ಲಿ ಇರಿಸಿದೆ.

ಹಾಗಾದರೆ ಅದು ನಿರಪಾಯವೇ? ಅಲ್ಲ. ಹಾನಿಯು ಸಿದ್ಧಪಟ್ಟಿಲ್ಲ ಎಂಬುದು ಬೇರೆ. ಹಾನಿಯಿಲ್ಲವೆಂದು ಸಿದ್ಧಪಟ್ಟಿದೆ ಎಂಬುದು ಬೇರೆ. ಅಲ್ಪಸ್ವಲ್ಪವಾಗಿ ಬಹುಕಾಲ ದೇಹವನ್ನು ಸೇರುವ ವಸ್ತುವಿನ ಪರಿಣಾಮ ಇಂದು ತಿಂದವನಿಗೆ ನಾಳೆಯೇ ಗೋಚರಿಸಬೇಕೆಂಬ ನಿಯಮವಿಲ್ಲ. ಇಪ್ಪತ್ತು ವರ್ಷಗಳ ಬಳಿಕ ರೋಗ ಬಂದರೆ, ಎಂದೋ ತಿಂದ ತಿನಿಸನ್ನು ಹೊಣೆಯಾಗಿಸಲು ಯಾರಿಗೂ ಸಾಧ್ಯವಾಗದು. ನ್ಯಾಯಸ್ಥಾನದಲ್ಲಿ ಸಂಶಯದ ಲಾಭ ಆರೋಪಿಗೆ ಸಲ್ಲುತ್ತದೆ; ಆಹಾರದಲ್ಲಿ ಅದು ಉಣ್ಣುವವನಿಗೆ ಸಲ್ಲಬೇಕು. ನಿರಪಾಯವೆಂದು ತೋರಿಸುವ ಹೊಣೆ ಬೆರೆಸುವವನದು.

ಕೆಡದಂತೆ ಕಾಪಾಡುವ ರಾಸಾಯನಿಕಕ್ಕೆ ಒಂದು ಪ್ರಯೋಜನವಾದರೂ ಉಂಟು. ಅದನ್ನು ಅಪಾಯದೊಡನೆ ತೂಗಿ ನೋಡಬಹುದು. ಈ ಕೆಂಪು ರುಚಿಯನ್ನು ಕೊಡುವುದಿಲ್ಲ, ಪುಷ್ಟಿಯನ್ನು ಕೊಡುವುದಿಲ್ಲ, ತಿನಿಸು ಕೆಡದಂತೆ ತಡೆಯುವುದೂ ಇಲ್ಲ. ಕಣ್ಣಿನ ಚಪಲಕ್ಕಾಗಿ ಎಷ್ಟೇ ಸಣ್ಣ ಅಪಾಯವನ್ನಾದರೂ ಏಕೆ ಹೊರಬೇಕು?

ಕಾನೂನು ಪ್ರತಿಯೊಂದು ಗಾಡಿಯ ಬಳಿಯೂ ಕಾವಲು ನಿಲ್ಲಲಾರದು. ಕೆಂಪಾದುದನ್ನೇ ನಾವು ಆರಿಸಿಕೊಳ್ಳುವುದರಿಂದ ಮಾರುವವನು ಬಣ್ಣ ಹಾಕುತ್ತಾನೆ. ಆದುದರಿಂದ, ವಿದ್ಯಾರ್ಥಿಮಿತ್ರರೇ, ಇನ್ನು ಮುಂದೆ "ಬಣ್ಣ ಹಾಕದೆ ಮಾಡಿಕೊಡಿ" ಎಂದು ಕೇಳಿರಿ. ಆ ಒಂದು ಮಾತು ನಿಮ್ಮನ್ನೂ, ನಿಮ್ಮ ಪಕ್ಕದಲ್ಲಿ ನಿಂತಿರುವ ಪುಟ್ಟ ಮಗುವನ್ನೂ ಕಾಪಾಡೀತು.