ನಾಲ್ಕು ಲಕ್ಷದ ಲೆಕ್ಕ

ಮಕ್ಕಳೇ, ನನ್ನ ಮಗನಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸ. ತೆರಿಗೆ, ವಿಮೆ ಎಲ್ಲ ಕಳೆದು ತಿಂಗಳಿಗೆ 4,000 ಯೂರೋ ಕೈಗೆ ಬರುತ್ತದೆ. ಒಂದು ಯೂರೋಗೆ ಸುಮಾರು 100 ರೂಪಾಯಿ; ಅಂದರೆ ನಾಲ್ಕು ಲಕ್ಷ! ಮೈಸೂರಿನ ನಮ್ಮ ಮನೆ ತಾರಸಿ ಸೋರುತ್ತಿದೆ. ರಿಪೇರಿಗೆ ಎರಡು ಲಕ್ಷ ಕೇಳಿಬಿಡೋಣವೆಂದು ಭಾನುವಾರ ವಿಡಿಯೋ ಕರೆ ಮಾಡಿದೆ.

ಫೋನೆತ್ತಿದ್ದು ಮೊಮ್ಮಗಳು. "ನಿಮ್ಮಪ್ಪನಿಗೇನಮ್ಮ, ನಾಲ್ಕು ಲಕ್ಷ!" ಅಂದೆ. "ತಾತ, ಸಂಬಳ ಮಾತ್ರ ಗುಣಿಸಿದ್ರೆ ಹೇಗೆ? ಖರ್ಚನ್ನೂ ಗುಣಿಸಿ" ಅಂದಳು.

ಬರೆದುಕೊಂಡೆ. ಬಾಡಿಗೆ 1,800 ಯೂರೋ, ಸಂಬಳದಲ್ಲಿ ನೂರಕ್ಕೆ 45 ಪಾಲು. ನಮ್ಮ ಮಹಡಿ ಮೇಲಿನವರ ಸಂಬಳ 60,000, ಬಾಡಿಗೆ 12,000, ನೂರಕ್ಕೆ 20. ಅಲ್ಲಿ 2025ರಲ್ಲಿ ಬಸ್ಸು, ಲೋಕಲ್ ರೈಲಿನ ತಿಂಗಳ ಪಾಸು ತಲಾ 58 ಯೂರೋ. ಇಡೀ ದೇಶಕ್ಕೆ ಅದೊಂದೇ ಸಾಕಂತೆ! ನಮ್ಮನೆಯಾಕೆಗೆ 2023ರಿಂದ ಇಲ್ಲಿ ಸರ್ಕಾರಿ ಬಸ್ಸು ಪುಕ್ಕಟೆ, ಆ ಮಾತು ಬೇರೆ. ಶಾಲೆಯ ವಿಷಯದಲ್ಲಿ ಮಾತ್ರ ನಾವು ಸೋತೆವು. ಅವಳದು ಸರ್ಕಾರಿ ಶಾಲೆ, ಫೀಸಿಲ್ಲ. ಮಹಡಿಯವರು ಇಬ್ಬರು ಮಕ್ಕಳ ಫೀಸಿಗೆಂದು ತಿಂಗಳಿಗೆ 15,000 ಎತ್ತಿಡುತ್ತಾರೆ.

"ಅಪ್ಪನ ಕಟಿಂಗಿಗೆಷ್ಟೇ?"

"ಅಂಗಡೀಲಿ 30 ಯೂರೋ."

ಮೂರು ಸಾವಿರ! ನನ್ನದು 120ಕ್ಕೆ ಮುಗಿಯುತ್ತದೆ, ತಲೆ ತಟ್ಟುವುದೂ ಸೇರಿ.

"ಅದಕ್ಕೇ ಅಮ್ಮ ಮನೇಲೇ ಕತ್ತರಿಸ್ತಾಳೆ."

ಎರಡು ವರ್ಷದಿಂದ ಅವನ ಸೊಟ್ಟ ಕ್ರಾಪು ನೋಡಿ ನಗುತ್ತಿದ್ದೆನಲ್ಲ! ಅಷ್ಟರಲ್ಲಿ ಅವನೇ ಬಂದ. "ಏನೋ ಕೇಳ್ಬೇಕು ಅಂದಿದ್ರಲ್ಲ ಅಪ್ಪಾ?"

"ಊಟ ಆಯ್ತಾ ಅಂತ, ಅಷ್ಟೇ ಕಣೋ" ಅಂದೆ.

ತಾರಸಿಗೆ ಈ ಮಳೆಗಾಲಕ್ಕೊಂದು ಟಾರ್ಪಾಲು ತಂದಿದ್ದೇನೆ.