ತಂತಿಯೂ ಬಾನುಲಿಯೂ ಒಂದಾದ ಮೇಲೆ

ಮನೆಯ ಟೆಲಿವಿಷನ್ನಿನಲ್ಲಿ ಕಾಣುವ ಕ್ರಿಕೆಟ್ ಪಂದ್ಯವೂ ಅಂಗೈಯ ಮೊಬೈಲಿನಲ್ಲಿ ಕಾಣುವ ಅದೇ ಪಂದ್ಯವೂ ನೋಡುವವನಿಗೆ ಒಂದೇ ಆಗಿದ್ದರೂ ಕಾನೂನಿನ ದೃಷ್ಟಿಗೆ ಅವು ಬೇರೆ ಬೇರೆ ಪದಾರ್ಥಗಳಾಗಿವೆ. ಮೊದಲನೆಯದು ೧೯೯೫ರ ಕೇಬಲ್ ಟೆಲಿವಿಷನ್ ಕಾಯಿದೆಗೂ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅನುಮತಿಗೂ ಒಳಪಟ್ಟಿದೆ. ಎರಡನೆಯದಕ್ಕೆ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯೂ ಅದರ ಮೇರೆಗೆ ೨೦೨೧ರಲ್ಲಿ ಹೊರಟ ನಿಯಮಗಳೂ ಅನ್ವಯಿಸುತ್ತವೆ. ಅದನ್ನು ಹೊತ್ತು ತರುವ ಜಾಲವಾದರೋ ದೂರಸಂಪರ್ಕ ಇಲಾಖೆಯವರ ಅಧೀನ. ತಂತಿ, ಬಾನುಲಿ, ಟೆಲಿವಿಷನ್, ಅಂತರ್ಜಾಲಗಳೆಂಬ ಹೊಳೆಗಳೆಲ್ಲ ಒಂದೇ ಪಾತ್ರದಲ್ಲಿ ಹರಿಯತೊಡಗಿದ ಮೇಲೂ ಕಾಯಿದೆಯ ಪುಸ್ತಕದಲ್ಲಿ ಅವುಗಳ ದಡಗಳು ಬೇರೆಯಾಗಿಯೇ ಉಳಿದಿವೆ. ಇವೆಲ್ಲಕ್ಕೂ ಹೊಂದುವ ಒಂದು ಕ್ರಮಬದ್ಧವಾದ ಶಾಸನ ಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ನಮ್ಮ ಪ್ರಶ್ನೆ ಬೇರೆ: ಈ ಸಂಗಮದಲ್ಲಿ ತೂಬಿನ ಕೀಲಿಕೈ ಯಾರ ಕೈಯಲ್ಲಿರಬೇಕು?

ಈ ಸಾಧನಗಳು ಒಂದೇ ಕುಲದವೆಂಬುದನ್ನು ನಮ್ಮ ಸಂವಿಧಾನಕರ್ತರು ಆಗಲೇ ಬಲ್ಲವರಾಗಿದ್ದರು. ಏಳನೆಯ ಅನುಸೂಚಿಯ ಕೇಂದ್ರಪಟ್ಟಿಯಲ್ಲಿ ೩೧ನೆಯ ಬಾಬಿನಲ್ಲಿ ಅಂಚೆ, ತಂತಿ, ಟೆಲಿಫೋನು, ನಿಸ್ತಂತು, ಪ್ರಸಾರ ಮತ್ತು ಇವುಗಳಂತಹ ಇತರ ಸಂಪರ್ಕಸಾಧನಗಳನ್ನು ಅವರು ಒಟ್ಟಿಗೇ ಇರಿಸಿದ್ದಾರೆ. ಆದರೆ ಅವರಿಗೆ ಪಿತ್ರಾರ್ಜಿತವಾಗಿ ಬಂದ ಕಾಯಿದೆಗಳು ಪರಕೀಯರ ಆಳ್ವಿಕೆಯವು. ೧೮೮೫ರ ತಂತಿ ಕಾಯಿದೆಯು ತಂತಿಯ ಏಕಸ್ವಾಮ್ಯವನ್ನು ಸರ್ಕಾರಕ್ಕೆ ಕೊಟ್ಟಿತು. ೧೯೩೩ರ ನಿಸ್ತಂತು ಕಾಯಿದೆಯು ಪರವಾನಗಿಯಿಲ್ಲದೆ ಯಂತ್ರವನ್ನು ಇಟ್ಟುಕೊಳ್ಳುವುದನ್ನೇ ಅಪರಾಧವಾಗಿಸಿತು. ೧೯೪೨ರ ಚಳವಳಿಯಲ್ಲಿ ಶ್ರೀಮತಿ ಉಷಾ ಮೆಹತಾ ಅವರೂ ಅವರ ಸಂಗಡಿಗರೂ ಮುಂಬಯಿಯಲ್ಲಿ ಗುಪ್ತವಾಗಿ ನಡೆಸಿದ ಕಾಂಗ್ರೆಸ್ ರೇಡಿಯೋ ಮೂರು ತಿಂಗಳೊಳಗೇ ಪೊಲೀಸರ ಕೈಗೆ ಸಿಕ್ಕಿತು. ಪರವಾನಗಿಯ ಕಟ್ಟುಪಾಡು ಯಾರ ರಕ್ಷಣೆಗಾಗಿ ಹುಟ್ಟಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ನಮ್ಮ ನಾಡಿನಲ್ಲಿಯೇ ಇದಕ್ಕೆ ಬೇರೊಂದು ಮಾರ್ಗವೂ ಕಾಣಬಂದಿತ್ತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲೇ ಒಂದು ಚಿಕ್ಕ ಪ್ರಸಾರಯಂತ್ರವನ್ನು ಹೂಡಿ, 'ಆಕಾಶವಾಣಿ' ಎಂಬ ಹೆಸರಿನಿಂದ ಸಂಗೀತವನ್ನೂ ವಿದ್ವಾಂಸರ ಭಾಷಣಗಳನ್ನೂ ನಾಡಿಗೆ ಕೇಳಿಸಿದರು. ಒಬ್ಬ ಅಧ್ಯಾಪಕರ ಉತ್ಸಾಹದಿಂದ ಹುಟ್ಟಿದ ಆ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಹೆಸರನ್ನು ಪಡೆದ ಸರ್ಕಾರದವರು ಅದರ ಹಿಂದಿದ್ದ ತತ್ತ್ವವನ್ನು ಮಾತ್ರ ಪಡೆಯಲಿಲ್ಲ. ಜನರೇ ಹುಟ್ಟಿಸಿ ಬೆಳಸಬಹುದಾದ ಸಂಸ್ಥೆಯೆಂದು ಬಾನುಲಿಯನ್ನು ಅವರು ಎಣಿಸಲಿಲ್ಲ. ಇಲಾಖೆಯ ಒಂದು ಶಾಖೆಯೆಂದೇ ಎಣಿಸಿದರು.

ಈ ದೋಷವನ್ನು ಸರ್ವೋಚ್ಚ ನ್ಯಾಯಾಲಯವು ೧೯೯೫ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಎತ್ತಿ ತೋರಿಸಿತು. ೧೯೯೩ರ ಹೀರೋ ಕಪ್ ಪಂದ್ಯಗಳ ಪ್ರಸಾರದ ವಿಷಯದಲ್ಲಿ ಬಂಗಾಳದ ಕ್ರಿಕೆಟ್ ಸಂಘಕ್ಕೂ ಸರ್ಕಾರಕ್ಕೂ ಎದ್ದ ವಿವಾದದಲ್ಲಿ, ಆಕಾಶತರಂಗಗಳು ಸಾರ್ವಜನಿಕರ ಸ್ವತ್ತೆಂದೂ, ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯವಾಗಲಿ ಖಾಸಗಿಯವರ ಏಕಸ್ವಾಮ್ಯವಾಗಲಿ ಸಲ್ಲದೆಂದೂ, ಸಮಾಜದ ಎಲ್ಲ ವರ್ಗಗಳನ್ನೂ ಪ್ರತಿನಿಧಿಸುವ ಸ್ವತಂತ್ರವಾದ ಒಂದು ಪ್ರಾಧಿಕಾರವನ್ನು ಕೂಡಲೇ ರಚಿಸತಕ್ಕದ್ದೆಂದೂ ನ್ಯಾಯಾಧೀಶರು ವಿಧಿಸಿದರು. 'ಕೂಡಲೇ' ಎಂಬ ಆ ಮಾತಿಗೆ ಮೂವತ್ತು ವರ್ಷ ತುಂಬಿದೆ. ಆ ಪ್ರಾಧಿಕಾರ ಮಾತ್ರ ಹುಟ್ಟಿಲ್ಲ.

ಅದರ ಬದಲು ಆಗಿರುವುದೇನು? ತುರ್ತುಪರಿಸ್ಥಿತಿಯ ಕಹಿ ಅನುಭವದ ತರುವಾಯ ವರ್ಗೀಸ್ ಸಮಿತಿಯು ೧೯೭೮ರಲ್ಲಿಯೇ ಸ್ವಾಯತ್ತ ಸಂಸ್ಥೆಯೊಂದನ್ನು ಸೂಚಿಸಿತ್ತು. ೧೯೯೦ರಲ್ಲಿ ಅಂಗೀಕೃತವಾದ ಪ್ರಸಾರ ಭಾರತಿ ಕಾಯಿದೆ ಜಾರಿಗೆ ಬಂದುದು ೧೯೯೭ರಲ್ಲಿ. ಅದೇ ವರ್ಷ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೂ ಹುಟ್ಟಿತು. ೨೦೦೪ರಲ್ಲಿ ಪ್ರಸಾರ ಮತ್ತು ಕೇಬಲ್ ಸೇವೆಗಳನ್ನೂ ಅದರ ವ್ಯಾಪ್ತಿಗೆ ಸೇರಿಸಲಾಯಿತು. ಆದರೆ ಈ ಪ್ರಾಧಿಕಾರವು ದರಗಳನ್ನು ಗೊತ್ತುಮಾಡಬಹುದು, ಜಾಲಗಳ ನಡುವಣ ಸಂಪರ್ಕದ ಕ್ರಮವನ್ನು ವಿಧಿಸಬಹುದು. ಪರವಾನಗಿಯ ವಿಷಯದಲ್ಲಿ ಶಿಫಾರಸು ಮಾಡುವುದಷ್ಟೇ ಅದರ ಅಧಿಕಾರ. ಕೊಡುವ ಹಕ್ಕೂ ಕಿತ್ತುಕೊಳ್ಳುವ ಹಕ್ಕೂ ಸಚಿವಾಲಯದಲ್ಲಿಯೇ ಉಳಿದುವು. ೨೦೦೧ರಲ್ಲಿ ಲೋಕಸಭೆಯ ಮುಂದೆ ಬಂದ ಸಂಪರ್ಕ ಸಂಗಮ ಮಸೂದೆಯು ತಂತಿಗೂ ಪ್ರಸಾರಕ್ಕೂ ಸೇರಿಸಿ ಒಂದೇ ಆಯೋಗವನ್ನು ಸ್ಥಾಪಿಸಹೊರಟಿತ್ತು. ೨೦೦೪ರಲ್ಲಿ ಸಭೆ ವಿಸರ್ಜನೆಯಾದಾಗ ಆ ಮಸೂದೆಯೂ ಅಳಿಯಿತು. ಬ್ರಿಟನ್ನಿನವರು ೨೦೦೩ರ ಕಾಯಿದೆಯಿಂದ ಐದು ಬೇರೆ ಬೇರೆ ನಿಯಂತ್ರಣ ಸಂಸ್ಥೆಗಳ ಕೆಲಸವನ್ನು ಆಫ್‌ಕಾಂ ಎಂಬ ಒಂದೇ ಸಂಸ್ಥೆಗೆ ವಹಿಸಿ ಕೆಲಸವನ್ನು ಮುಗಿಸಿದ ಕಾಲದಲ್ಲಿ ನಾವು ಇಲಾಖೆಗಳ ನಡುವಣ ಗಡಿಯ ಮಾತಿನಲ್ಲಿಯೇ ಕಾಲ ಕಳೆದೆವು.

ಇತ್ತೀಚಿನ ವರ್ಷಗಳಲ್ಲಿ ಏಕೀಕರಣದ ಮಾತು ಮತ್ತೆ ಎದ್ದಿದೆ. ಆದರೆ ಅದು ಹಿಡಿದಿರುವ ದಿಕ್ಕು ನಮಗೆ ಸಮಾಧಾನವನ್ನುಂಟುಮಾಡುವಂತಹುದಲ್ಲ. ೨೦೨೦ರ ನವೆಂಬರಿನಲ್ಲಿ ಅಂತರ್ಜಾಲದ ವಾರ್ತೆ ಮತ್ತು ಚಿತ್ರಗಳನ್ನು ವಾರ್ತಾ ಸಚಿವಾಲಯದ ಕಾರ್ಯಪಟ್ಟಿಗೆ ಸೇರಿಸಲಾಯಿತು. ೨೦೨೧ರ ನಿಯಮಗಳು ಮೂರು ಹಂತದ ವ್ಯವಸ್ಥೆಯೊಂದನ್ನು ಕಲ್ಪಿಸಿ, ಕೊನೆಯ ಹಂತವನ್ನು ಸಚಿವಾಲಯಕ್ಕೆ ಕೊಟ್ಟವು. ಅವುಗಳಲ್ಲಿ ಕೆಲವನ್ನು ಮುಂಬಯಿ ಹೈಕೋರ್ಟು ಅದೇ ವರ್ಷದ ಆಗಸ್ಟಿನಲ್ಲಿ ತಡೆಹಿಡಿಯಿತು. ೨೦೨೩ರ ನವೆಂಬರಿನಲ್ಲಿ ಪ್ರಕಟವಾದ ಪ್ರಸಾರ ಸೇವೆಗಳ ಮಸೂದೆಯ ಕರಡು ಕೇಬಲ್, ಬಾನುಲಿ, ಅಂತರ್ಜಾಲಗಳನ್ನು ಒಂದೇ ಚಪ್ಪರದಡಿಗೆ ತಂದಿತು. ಅದರಲ್ಲಿ ಕಾಣಿಸಿದ ಸಲಹಾಮಂಡಲಿಯನ್ನಾದರೋ ಸರ್ಕಾರದವರೇ ನೇಮಿಸತಕ್ಕದ್ದು, ಅದರ ಸಲಹೆಯ ಮೇಲೆ ಕೊನೆಯ ಆಜ್ಞೆಯೂ ಸರ್ಕಾರದವರದೇ. ೨೦೨೪ರಲ್ಲಿ ಆ ಕರಡಿನ ತಿದ್ದಿದ ಪ್ರತಿಯು ಆಯ್ದ ಕೆಲವರ ಕೈಗೆ ಮಾತ್ರ ಹೋಯಿತೆಂದೂ, ಅಂತರ್ಜಾಲದಲ್ಲಿ ಒಬ್ಬೊಬ್ಬರಾಗಿ ಕುಳಿತು ವಾರ್ತೆಯನ್ನು ವಿಮರ್ಶಿಸುವವರನ್ನೂ ಪ್ರಸಾರಕರೆಂದು ಗಣಿಸುವ ಉದ್ದೇಶ ಅದರಲ್ಲಿತ್ತೆಂದೂ ಪತ್ರಿಕೆಗಳಲ್ಲಿ ವರದಿಯಾಯಿತು. ಪ್ರಜಾಮತ ಎಚ್ಚತ್ತುಕೊಂಡಿತು. ಆ ವರ್ಷದ ಆಗಸ್ಟಿನಲ್ಲಿ ಸಚಿವಾಲಯದವರು ಮತ್ತಷ್ಟು ಸಮಾಲೋಚನೆ ನಡೆಸಿ ಹೊಸ ಕರಡನ್ನು ಹೊರಡಿಸುವೆವೆಂದು ಹೇಳಿದರು. ಇನ್ನೊಂದು ಕಡೆ, ೧೮೮೫ ಮತ್ತು ೧೯೩೩ರ ಕಾಯಿದೆಗಳ ಸ್ಥಾನದಲ್ಲಿ ನಿಲ್ಲತಕ್ಕ ೨೦೨೩ರ ದೂರಸಂಪರ್ಕ ಕಾಯಿದೆಯಲ್ಲಿ 'ಸಂದೇಶ' ಎಂಬ ಶಬ್ದಕ್ಕೆ ಬರಹ, ಚಿತ್ರ, ಧ್ವನಿಗಳೆಲ್ಲವನ್ನೂ ಒಳಗೊಳ್ಳುವಷ್ಟು ವಿಶಾಲವಾದ ಅರ್ಥವನ್ನು ಹೇಳಲಾಗಿದೆ. ಮೊಬೈಲಿನ ಸಂದೇಶಸೇವೆಗಳು ಅದರೊಳಗೆ ಬರುವುದಿಲ್ಲವೆಂದು ಮಂತ್ರಿಗಳು ಭರವಸೆಯಿತ್ತರು. ಭರವಸೆ ಒಳ್ಳೆಯದೇ, ಆದರೆ ಮಂತ್ರಿಗಳು ಬದಲಾಗುತ್ತಾರೆ, ಕಾಯಿದೆಯ ಅಕ್ಷರ ನಿಲ್ಲುತ್ತದೆ.

ಅಧಿಕಾರವರ್ಗದವರ ವಾದವನ್ನು ನಾವು ಲಘುವಾಗಿ ಎಣಿಸುವವರಲ್ಲ. ಸುಳ್ಳು ಸುದ್ದಿ, ಕೋಮುದ್ವೇಷ, ಮಕ್ಕಳಿಗೆ ಹಾನಿಕರವಾದ ಚಿತ್ರಗಳು ಕ್ಷಣದಲ್ಲಿ ಮನೆಮನೆಗೂ ಮುಟ್ಟುವ ಕಾಲವಿದು. ಕೈಕಟ್ಟಿ ಕುಳಿತಿರಲು ಯಾವ ಸರ್ಕಾರಕ್ಕೂ ಆಗದು. ಆದರೆ ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಳ್ಳುವುದು ವಿವೇಕವಲ್ಲ. ಅಪರಾಧವಾದ ಮಾತಿಗೆ ದಂಡಶಾಸನವಿದೆ, ನ್ಯಾಯಾಲಯವಿದೆ. ಮಾತನಾಡುವುದಕ್ಕೆ ಮುಂಚೆಯೇ ಅಪ್ಪಣೆ ಪಡೆಯಬೇಕೆಂಬ ಪದ್ಧತಿಗೆ ಬಾನುಲಿಯ ವಿಷಯದಲ್ಲಿ ಒಂದು ಕಾರಣವಿತ್ತು: ತರಂಗಗಳು ಮಿತವಾದುವು, ಇಬ್ಬರು ಒಂದೇ ತರಂಗದಲ್ಲಿ ನುಡಿದರೆ ಯಾರ ನುಡಿಯೂ ಕೇಳದು. ಆದುದರಿಂದ ಹಂಚುವವನೊಬ್ಬನು ಬೇಕಾಗಿದ್ದನು. ಅಂತರ್ಜಾಲದಲ್ಲಿ ಈ ಕೊರತೆಯಿಲ್ಲ. ಕಾರಣವೇ ಇಲ್ಲದ ಕಡೆಗೆ ಅದರ ಕಾರ್ಯವನ್ನು ಮಾತ್ರ ವಿಸ್ತರಿಸುವುದು ಯಾವ ನ್ಯಾಯ?

ಕೊರತೆಯಿರುವ ಕಡೆಯಲ್ಲಾದರೂ ಪರವಾನಗಿಯನ್ನು ಹೇಗೆ ಬಳಸಲಾಗಿದೆ ಎಂಬುದನ್ನು ವಾಚಕರು ನೋಡಬೇಕು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಗ್ರಾಮಸ್ಥರ ಬಾನುಲಿಯು ಈ ಶತಮಾನದ ಆರಂಭದಲ್ಲಿ ಹುಟ್ಟಿದಾಗ, ತರಂಗದ ಮೇಲೆ ನುಡಿಯಲು ಕಾನೂನು ಒಪ್ಪದೆ ಇದ್ದುದರಿಂದ ಹಳ್ಳಿಯವರು ಕೇಬಲ್ ತಂತಿಯ ಮೂಲಕ ತಮ್ಮ ಮಾತನ್ನು ಮನೆಗಳಿಗೆ ಮುಟ್ಟಿಸಬೇಕಾಯಿತು. ಜನಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದುದು ೨೦೦೬ರಲ್ಲಿ. ಖಾಸಗಿ ಬಾನುಲಿ ನಿಲಯಗಳು ಆಕಾಶವಾಣಿಯ ವಾರ್ತೆಯ ಹೊರತು ಸ್ವಂತ ವಾರ್ತೆಯನ್ನು ಓದಕೂಡದೆಂಬ ಕಟ್ಟಳೆ ಅನೇಕ ವರ್ಷಗಳಿಂದ ನಡೆದುಬಂದಿದೆ. ಟೆಲಿವಿಷನ್ನಿನಲ್ಲಿ ಹಗಲಿರುಳೂ ವಾರ್ತೆ ಕೇಳುವ ದೇಶದಲ್ಲಿ ಇದರ ಅರ್ಥವೇನೋ ತಿಳಿಯದು. ಗಂಟೆಗೆ ಹತ್ತು ನಿಮಿಷವಾದರೂ ಅವಕಾಶ ಕೊಡಬೇಕೆಂದು ದೂರಸಂಪರ್ಕ ಪ್ರಾಧಿಕಾರವೇ ೨೦೨೩ರಲ್ಲಿ ಹೇಳಬೇಕಾಯಿತು. ಮಲಯಾಳದ ಮೀಡಿಯಾ ಒನ್ ಎಂಬ ವಾಹಿನಿಯ ಅನುಮತಿಯನ್ನು ೨೦೨೨ರ ಜನವರಿಯಲ್ಲಿ ದೇಶದ ಭದ್ರತೆಯ ಕಾರಣ ಹೇಳಿ ನವೀಕರಿಸದೆ ಹೋದರು. ಆ ಕಾರಣದ ವಿವರವನ್ನು ವಾಹಿನಿಯವರಿಗೂ ತಿಳಿಸಲಿಲ್ಲ. ೨೦೨೩ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು. ನ್ಯಾಯ ದೊರೆತುದು ನಿಜ. ಆದರೆ ಪ್ರತಿಯೊಬ್ಬ ಸಣ್ಣ ಪ್ರಸಾರಕನಿಗೂ ದೆಹಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ನಡೆಯುವ ಶಕ್ತಿಯುಂಟೆ?

ಇಷ್ಟರಿಂದ ನಾವು ಯಾವ ನಿಯಂತ್ರಣವೂ ಬೇಡವೆನ್ನುತ್ತೇವೆಂದು ಯಾರೂ ಭಾವಿಸಬಾರದು. ನಿಯಂತ್ರಣ ಬೇಕಾದ ಕಡೆಯಲ್ಲಿ ಅದು ದುರ್ಬಲವಾಗಿರುವುದೇ ನಮ್ಮ ವ್ಯಥೆ. ೨೦೨೨ರಲ್ಲಿ ಐ.ಪಿ.ಎಲ್. ಪಂದ್ಯಗಳ ಐದು ವರ್ಷದ ಪ್ರಸಾರದ ಹಕ್ಕು ಒಟ್ಟು ೪೮,೩೯೦ ಕೋಟಿ ರೂಪಾಯಿಗಳಿಗೆ ಮಾರಾಟವಾಯಿತು. ದೇಶದೊಳಗಿನ ಟೆಲಿವಿಷನ್ನಿನ ಹಕ್ಕು ಡಿಸ್ನಿ ಸ್ಟಾರ್ ಕಂಪನಿಗೂ ಅಂತರ್ಜಾಲದ ಹಕ್ಕು ರಿಲಯನ್ಸ್ ಬಳಗದ ವಯಾಕಾಂ ೧೮ ಕಂಪನಿಗೂ ಹೋದುವು. ಪೈಪೋಟಿ ಇದೆಯಲ್ಲವೆ ಎಂದು ಜನರು ಸಂತೋಷಪಟ್ಟರು. ೨೦೨೪ರ ನವೆಂಬರಿನಲ್ಲಿ ಆ ಎರಡು ಕಂಪನಿಗಳ ವ್ಯವಹಾರವೂ ಒಂದಾಯಿತು. ಹೀಗೆ, ಕೋಟ್ಯಂತರ ಜನರ ಮೊಬೈಲ್ ಜಾಲವನ್ನು ನಡೆಸುವ ಮನೆತನದ ಕೈಗೇ ಅನೇಕ ಭಾಷೆಗಳ ವಾಹಿನಿಗಳೂ ಅಂತರ್ಜಾಲದ ರಂಗಸ್ಥಳವೂ ಸೇರಿದುವು. ಸ್ಪರ್ಧಾ ಆಯೋಗವು ಕೆಲವು ಷರತ್ತುಗಳೊಡನೆ ಇದಕ್ಕೆ ಒಪ್ಪಿಗೆ ಕೊಟ್ಟಿತು. ವ್ಯಾಪಾರದ ದೃಷ್ಟಿಯಿಂದ ಅಷ್ಟು ಸಾಕಾಗಬಹುದು. ಆದರೆ ರಸ್ತೆಯ ಒಡೆಯನೇ ಗಾಡಿಯ ಒಡೆಯನೂ ಸಂತೆಯ ಒಡೆಯನೂ ಆದರೆ ಉಳಿದವರ ಸರಕಿನ ಗತಿಯೇನೆಂಬುದು ವ್ಯಾಪಾರದ ಪ್ರಶ್ನೆ ಮಾತ್ರವಲ್ಲ, ಪ್ರಜಾಪ್ರಭುತ್ವದ ಪ್ರಶ್ನೆ. ಮಾಧ್ಯಮಗಳ ಒಡೆತನ ಕೆಲವರಲ್ಲಿಯೇ ಕೂಡಿಕೊಳ್ಳದಂತೆ ಮಿತಿಯಿರಬೇಕೆಂದೂ, ಸ್ವತಂತ್ರ ನಿಯಂತ್ರಕನು ಬೇಕೆಂದೂ, ಸರ್ಕಾರಗಳೂ ರಾಜಕೀಯ ಪಕ್ಷಗಳೂ ಪ್ರಸಾರದ ವ್ಯವಹಾರಕ್ಕೆ ಇಳಿಯಬಾರದೆಂದೂ ದೂರಸಂಪರ್ಕ ಪ್ರಾಧಿಕಾರವು ೨೦೧೪ರಲ್ಲಿ ಮಾಡಿದ ಶಿಫಾರಸುಗಳು ಕಡತದಲ್ಲಿ ಉಳಿದಿವೆ. ವ್ಯಕ್ತಿಯ ಮಾತಿನ ಮೇಲೆ ಇಷ್ಟು ಚುರುಕಾದ ಕಣ್ಣು ಒಡೆತನದ ಮೇಲೆ ಮುಚ್ಚಿರುವುದೇಕೆ?

ಆದಕಾರಣ ಹೊಸ ಶಾಸನದಲ್ಲಿ ನಾಲ್ಕು ವಿಷಯಗಳು ಅವಶ್ಯವೆಂದು ನಾವು ಹೇಳಬಯಸುತ್ತೇವೆ. ಮೊದಲನೆಯದಾಗಿ, ತಂತಿಗೂ ಪ್ರಸಾರಕ್ಕೂ ಸೇರಿ ಒಂದೇ ಪ್ರಾಧಿಕಾರವಿರಲಿ. ಅದರ ಸದಸ್ಯರ ಆಯ್ಕೆಯಲ್ಲಿ ವಿರೋಧಪಕ್ಷಕ್ಕೂ ನ್ಯಾಯಾಂಗಕ್ಕೂ ಪಾಲಿರಲಿ. ಅದು ಸಚಿವಾಲಯಕ್ಕಲ್ಲ, ಸಂಸತ್ತಿಗೆ ಲೆಕ್ಕ ಒಪ್ಪಿಸಲಿ. ಎರಡನೆಯದಾಗಿ, ಸಾಗಿಸುವ ಮಾರ್ಗಕ್ಕೂ ಸಾಗುವ ಮಾತಿಗೂ ಬೇರೆ ಬೇರೆ ನೀತಿಯಿರಲಿ. ಮಾರ್ಗಕ್ಕೆ ಪರವಾನಗಿ, ದರ, ಸಮಾನ ಪ್ರವೇಶಗಳ ಕಟ್ಟುಪಾಡು ಬೇಕು. ಮಾತಿಗೆ ದೇಶದ ಸಾಮಾನ್ಯ ಕಾನೂನೇ ಸಾಕು. ಮೂರನೆಯದಾಗಿ, ಜಾಲದ ಒಡೆಯನು ತನ್ನ ವಾಹಿನಿಗೆ ಮಾತ್ರ ದಾರಿಬಿಟ್ಟು ಇತರರದನ್ನು ಹಿಂದಿಕ್ಕದಂತೆ ಒಡೆತನಕ್ಕೆ ಸ್ಪಷ್ಟವಾದ ಮಿತಿಯಿರಲಿ. ನಾಲ್ಕನೆಯದಾಗಿ, ಮಸೂದೆಯ ಕರಡನ್ನು ಗುಟ್ಟಾಗಿ ಕೆಲವರಿಗೆ ತೋರಿಸದೆ, ಕನ್ನಡವೇ ಮೊದಲಾದ ದೇಶಭಾಷೆಗಳಲ್ಲಿ ಪ್ರಕಟಿಸಿ ಜನರ ಅಭಿಪ್ರಾಯವನ್ನು ಕೇಳಲಿ. ಮಂಡ್ಯದ ರೈತನಿಗೂ ಧಾರವಾಡದ ಉಪಾಧ್ಯಾಯನಿಗೂ ಅನ್ವಯಿಸತಕ್ಕ ಕಾನೂನು ಅವರಿಗೆ ಅರ್ಥವಾಗದ ಭಾಷೆಯಲ್ಲಿ ಹುಟ್ಟಬಾರದು.

ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಒಕ್ಕಲಿಗನು ಯಾರಿಗೆ ದೂರಬೇಕು? ಇಂದು ಆಳುತ್ತಿರುವ ಪಕ್ಷದವರು ನಾಳೆ ವಿರೋಧಸ್ಥಾನದಲ್ಲಿ ಕುಳಿತಿರಬಹುದು. ಇಂದು ಅವರು ಕಟ್ಟುವ ಬೀಗ ನಾಳೆ ಅವರ ಬಾಯಿಗೇ ಬೀಳಬಹುದು. ಈ ವಿಚಾರವು ಪಕ್ಷಭೇದಕ್ಕೆ ಸೇರಿದುದಲ್ಲ. ತರಂಗಗಳು ಪ್ರಜೆಗಳವೆಂದು ನ್ಯಾಯಸ್ಥಾನವು ನಿರ್ಣಯಿಸಿ ಆಗಿದೆ. ಒಡೆಯನ ಸ್ವತ್ತನ್ನು ಒಡೆಯನ ಪರವಾಗಿ ಕಾಯುವ ನಿಷ್ಪಕ್ಷಪಾತಿಯಾದ ಧರ್ಮದರ್ಶಿಯನ್ನು ನೇಮಿಸುವ ಕೆಲಸ ಉಳಿದಿದೆ. ಕರ್ನಾಟಕದಿಂದ ಸಂಸತ್ತಿಗೆ ಆಯ್ಕೆಯಾಗಿ ಹೋಗಿರುವ ಸದಸ್ಯರು ಪಕ್ಷವನ್ನು ಮರೆತು, ಮುಂದಿನ ಮಸೂದೆ ಸಭೆಯ ಮುಂದೆ ಬಂದಾಗ ಅದರ ಮೊದಲನೆಯ ಪ್ರಕರಣದಲ್ಲಿಯೇ ಈ ಪ್ರಾಧಿಕಾರದ ಹೆಸರನ್ನು ಹುಡುಕಬೇಕೆಂದೂ, ಅದು ಅಲ್ಲಿಲ್ಲದಿದ್ದರೆ ಮಸೂದೆಗೆ ತಮ್ಮ ಸಮ್ಮತಿಯನ್ನು ಕೊಡಕೂಡದೆಂದೂ ನಾವು ಆಗ್ರಹಪೂರ್ವಕವಾಗಿ ಕೇಳಿಕೊಳ್ಳುತ್ತೇವೆ.