ನಿರ್ವಾಣೋತ್ಸವದ ಅಲಂಕಾರವೂ ಗುತ್ತಿಗೆಯೇ?

ದೀಪಾವಳಿ ಸಮೀಪಿಸಿತೆಂದರೆ ನಮ್ಮ ಅನೇಕ ಬಸದಿಗಳ ಆಡಳಿತ ಮಂಡಳಿಗಳಲ್ಲಿ ಒಂದು ವಿಷಯ ತಪ್ಪದೆ ಚರ್ಚೆಗೆ ಬರುತ್ತದೆ: ಈ ಸಲದ ಅಲಂಕಾರದ ಗುತ್ತಿಗೆ ಯಾರಿಗೆ, ಎಷ್ಟಕ್ಕೆ? ಕಳೆದ ವರ್ಷಕ್ಕಿಂತ ಹೆಚ್ಚು ಮೆರುಗು ಬೇಕೆಂದು ಒಬ್ಬರು, ಪಕ್ಕದ ಊರಿನ ಬಸದಿಗಿಂತ ಕಡಿಮೆಯಾಗಬಾರದೆಂದು ಮತ್ತೊಬ್ಬರು ಸೂಚಿಸುತ್ತಾರೆ. ಹಬ್ಬದ ಹಿಂದಿನ ದಿನ ಲಾರಿಯೊಂದು ಬಂದು ನಿಲ್ಲುತ್ತದೆ. ಕಂಬ, ಬಟ್ಟೆ, ತಂತಿ, ಬಲ್ಬು, ಪ್ಲಾಸ್ಟಿಕ್ ಹೂವುಗಳು ಇಳಿಯುತ್ತವೆ. ಸಂಜೆಯ ವೇಳೆಗೆ ಜಿನಾಲಯವು ಮದುವೆಯ ಮಂಟಪದಂತೆ ಝಗಝಗಿಸುತ್ತದೆ. ಶ್ರಾವಕ ಕುಟುಂಬಗಳು ಬರುತ್ತವೆ, ನೋಡುತ್ತವೆ, ಫೋಟೋ ತೆಗೆದುಕೊಂಡು ಹೋಗುತ್ತವೆ. ಹಬ್ಬ ಮುಗಿದ ಮೇಲೆ ಲಾರಿ ಮತ್ತೆ ಬರುತ್ತದೆ. ಈ ಎರಡು ಲಾರಿಗಳ ನಡುವೆ ನಡೆದುದಕ್ಕೆ ನಾವು ಭಗವಾನ್ ಮಹಾವೀರಸ್ವಾಮಿಯ ನಿರ್ವಾಣೋತ್ಸವವೆಂದು ಹೆಸರಿಟ್ಟಿದ್ದೇವೆ.

ಹಬ್ಬಕ್ಕೆ ಅಲಂಕಾರ ಬೇಡವೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಅದನ್ನು ಗುತ್ತಿಗೆಗೆ ಕೊಡಬಾರದೆಂಬುದೇ ನಮ್ಮ ವಾದ. ಮನೆಯ ಬಾಗಿಲನ್ನಾಗಲಿ ಬಸದಿಯ ಬಾಗಿಲನ್ನಾಗಲಿ ಸಿಂಗರಿಸುವುದು ಕುಟುಂಬದ ಹಿರಿಯರು ಕಿರಿಯರು ಕೂಡಿ ತಮ್ಮ ಕೈಯಾರೆ ಮಾಡಬೇಕಾದ ಕಾರ್ಯ. ಏಕೆಂದರೆ ಜೈನ ಗೃಹಸ್ಥನು ಪ್ರತಿಯೊಂದು ಕೆಲಸದಲ್ಲೂ ಪಾಲಿಸಬೇಕಾದ ಯತ್ನಾಚಾರವನ್ನು, ಅಂದರೆ ಜೀವಗಳಿಗೆ ನೋವಾಗದಂತೆ ನೋಡಿ ನಡೆಯುವ ಎಚ್ಚರವನ್ನು, ಹಣ ಕೊಟ್ಟು ಇನ್ನೊಬ್ಬರಿಂದ ಮಾಡಿಸಲು ಬರುವುದಿಲ್ಲ.

ದೀಪವನ್ನು ನಾವು ಬೆಳಗುವುದೇಕೆಂಬುದನ್ನು ಮೊದಲು ನೆನೆಯೋಣ. ಪಾವಾಪುರಿಯಲ್ಲಿ ವರ್ಧಮಾನ ಸ್ವಾಮಿಯು ನಿರ್ವಾಣ ಹೊಂದಿದಾಗ ದೇವತೆಗಳೂ ಮಾನವರೂ ದೀಪಗಳನ್ನು ಬೆಳಗಿದರೆಂದೂ, ಅಂದಿನಿಂದ ಭರತಖಂಡದ ಜನರು ವರ್ಷಕ್ಕೊಮ್ಮೆ ದೀಪಾಲಿಕೆಯನ್ನು ಆಚರಿಸುತ್ತ ಬಂದರೆಂದೂ ಜಿನಸೇನಾಚಾರ್ಯರು ಕ್ರಿ.ಶ. 783ರ ಹರಿವಂಶಪುರಾಣದಲ್ಲಿ ನಿರೂಪಿಸಿದ್ದಾರೆ. ಜ್ಞಾನದ ಬೆಳಕು ಕಣ್ಮರೆಯಾಯಿತು, ಇನ್ನು ಮಣ್ಣಿನ ಹಣತೆಯ ಬೆಳಕನ್ನಾದರೂ ಹಚ್ಚೋಣ ಎಂಬ ಭಾವ ಈ ಹಬ್ಬದ ಮೂಲದಲ್ಲಿದೆ. ಅದೇ ದಿನ ಸಂಜೆ ಗೌತಮ ಗಣಧರರಿಗೆ ಕೇವಲಜ್ಞಾನವಾಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಅಗಲಿಕೆಯೂ ಆನಂದವೂ ಒಂದೇ ದಿನದಲ್ಲಿ ಕೂಡಿದ ಇಂಥ ಪರ್ವದಲ್ಲಿ ಹಚ್ಚುವ ದೀಪಕ್ಕೆ ಪ್ರದರ್ಶನದ ಹಂಗೇಕೆ?

ಎರಡು ವಿಷಯಗಳನ್ನು ನಾವು ಮರೆತಿದ್ದೇವೆ. ಮೊದಲನೆಯದು ಹೊತ್ತು. ಸ್ವಾಮಿಯ ನಿರ್ವಾಣವಾದದ್ದು ಅಮಾವಾಸ್ಯೆಯ ಬೆಳಗಿನ ಜಾವದಲ್ಲಿ. ನಿರ್ವಾಣ ಲಾಡು ಅರ್ಪಿಸುವುದೂ ಬೆಳಗಿನಲ್ಲಿಯೇ. ನಮ್ಮ ದೀಪಾವಳಿಯ ಮುಖ್ಯ ಭಾಗವು ಪ್ರಾತಃಕಾಲದ್ದಾಗಿರುವಾಗ, ನಡುರಾತ್ರಿಯವರೆಗೆ ಉರಿಯುವ ಸಾವಿರಾರು ಬಲ್ಬುಗಳು ಯಾವ ವಿಧಿಗೆ ಸೇರಿದುವು? ರಾತ್ರಿಭೋಜನವನ್ನು ತ್ಯಜಿಸಿದ ಸಮಾಜವೇ ಹಬ್ಬವನ್ನು ಪೂರ್ತಿಯಾಗಿ ರಾತ್ರಿಗೆ ಒಪ್ಪಿಸಿಬಿಟ್ಟಿತೇ?

ಎರಡನೆಯದು ಋತು. ಆಶ್ವಯುಜ ಬಹುಳ ಅಮಾವಾಸ್ಯೆಯೆಂದರೆ ಮಳೆ ಹಿಂದೆಗೆಯುತ್ತಿರುವ, ಚಾತುರ್ಮಾಸ ಮುಗಿಯುತ್ತ ಬಂದಿರುವ ಕಾಲ. ನೆಲದಲ್ಲಿ ಇರುವೆ, ಗೋಡೆಯಲ್ಲಿ ಹುಳು, ಗಾಳಿಯಲ್ಲಿ ಹಾತೆ. ಜೀವರಾಶಿ ಹೆಚ್ಚಿರುವ ಈ ಅವಧಿಯಲ್ಲಿ ತುಳಿದು ಕೊಂದೇವೆಂಬ ಭಯದಿಂದಲೇ ಮುನಿಗಳು ಒಂದೆಡೆ ನೆಲೆಸುತ್ತಾರೆ. ಅದೇ ಅವಧಿಯ ಕೊನೆಯಲ್ಲಿ ಶ್ರಾವಕರು ಬಸದಿಯ ಮಾಡಿನಿಂದ ಮಾನಸ್ತಂಭದ ತುದಿಯವರೆಗೆ ಪ್ರಖರವಾದ ಬಿಳಿಯ ದೀಪಗಳನ್ನು ತೂಗುಹಾಕಿಸಿ ರೆಕ್ಕೆಯ ಹುಳುಗಳನ್ನು ಕೈಬೀಸಿ ಕರೆಯುತ್ತಾರೆ. ಮರುದಿನ ಬೆಳಿಗ್ಗೆ ದೀಪಗಳ ಕೆಳಗೆ ರಾಶಿಯಾಗಿ ಬಿದ್ದ ಹುಳುಗಳನ್ನು ಗುಡಿಸುವವರು ಯಾರು? ಅವರೂ ಸಂಬಳದವರೇ. ನಾಲ್ಕು ಇಂದ್ರಿಯಗಳುಳ್ಳ ಜೀವವೆಂದು ಪಾಠಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟ ಅದೇ ಹಾತೆಯು ಮಕ್ಕಳು ಏಳುವ ಮೊದಲೇ ಕಸದ ಬುಟ್ಟಿಗೆ ಸೇರಿರುತ್ತದೆ.

ನಮ್ಮ ಆಚಾರ್ಯರು ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಟ್ಟಿಲ್ಲ. ಪ್ರಮಾದದಿಂದ ಕೂಡಿದ ಪ್ರವೃತ್ತಿಯಿಂದ ಪ್ರಾಣಗಳಿಗೆ ಆಗುವ ಘಾತವೇ ಹಿಂಸೆಯೆಂದು ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಲಕ್ಷಣ ಹೇಳಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ಕಾರಣವಿಲ್ಲದೆ ಬೆಂಕಿಯನ್ನು ಉರಿಸುವುದನ್ನೂ ಗಿಡಬಳ್ಳಿಗಳನ್ನು ಕತ್ತರಿಸುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ದೋಷವು ಅಂಟುವುದು ಮೂರು ಬಗೆಯಲ್ಲಿ: ಕೃತ, ಕಾರಿತ, ಅನುಮೋದನ. ತಾನೇ ಮಾಡಿದರೂ ಸರಿ, ಮಾಡಿಸಿದರೂ ಸರಿ, ಮಾಡಿದ್ದನ್ನು ಮೆಚ್ಚಿದರೂ ಸರಿ. ಗುತ್ತಿಗೆಯ ಪತ್ರಕ್ಕೆ ಸಹಿ ಮಾಡಿದ ಮಂಡಳಿಯದು ಕಾರಿತ. ನಿಂತು ನೋಡಿ ಚಪ್ಪಾಳೆ ತಟ್ಟಿದ ನಮ್ಮೆಲ್ಲರದು ಅನುಮೋದನ. ಗುತ್ತಿಗೆದಾರನು ಹಣದ ಲೆಕ್ಕವನ್ನು ತೀರಿಸಿಕೊಂಡು ಹೋಗುತ್ತಾನೆ. ಈ ಲೆಕ್ಕ ನಮ್ಮಲ್ಲಿಯೇ ಉಳಿಯುತ್ತದೆ.

ಇದಕ್ಕೆ ಬಲ್ಲವರು ಕೊಡುವ ಉತ್ತರವೊಂದಿದೆ. ಅದನ್ನು ಲಘುವಾಗಿ ತಳ್ಳಿಹಾಕಲಾಗದು. ಜಿನಪೂಜೆಯಲ್ಲಿ ಲೇಶಮಾತ್ರ ಸಾವದ್ಯವಿದ್ದರೂ ಪುಣ್ಯರಾಶಿಯ ಮುಂದೆ ಅದು ದೋಷವೆನಿಸದು, ತಂಪಾದ ಸಾಗರವನ್ನು ವಿಷದ ಒಂದು ಕಣವು ಕೆಡಿಸಲಾರದು ಎಂಬ ಆಶಯ ಸಮಂತಭದ್ರರ ಸ್ವಯಂಭೂಸ್ತೋತ್ರದಲ್ಲಿಯೇ ಇದೆಯಲ್ಲ ಎಂದು ಅವರು ಕೇಳುತ್ತಾರೆ. ಇದೆ, ನಿಜ. ಆದರೆ ಆಚಾರ್ಯರು ಹೇಳಿದ್ದು ಕಣದ ಮಾತು. ಪೂಜಿಸುವವನು ತನ್ನ ಕೈಯಿಂದ, ಎಚ್ಚರದಿಂದ ಮಾಡುವಾಗಲೂ ತಪ್ಪಿಸಲಾಗದೆ ಉಳಿಯುವ ಕಣ ಅದು. ನಾವು ಕೊಡಗಟ್ಟಲೆ ಸುರಿದು, ಸಾಗರವು ದೊಡ್ಡದೆಂದು ಸಮಾಧಾನ ಹೇಳಿಕೊಳ್ಳುತ್ತಿದ್ದೇವೆ. ಮಾಡಿನ ಮೇಲಿನ ಬಲ್ಬುಗಳ ಸಾಲು ಅಷ್ಟದ್ರವ್ಯಗಳಲ್ಲಿ ಯಾವುದು? ಗರ್ಭಗೃಹದ ಒಂದು ನಂದಾದೀಪಕ್ಕೆ ಇರುವ ರಕ್ಷಣೆಯನ್ನು ಅದಕ್ಕೂ ಕೇಳುವುದು ನ್ಯಾಯವಲ್ಲ. ಹೂವಿನಿಂದ ಪೂಜಿಸಬೇಕೋ ಕೇಸರಿ ಬೆರೆಸಿದ ಅಕ್ಷತೆಯಿಂದಲೋ ಎಂಬ ಹಳೆಯ ಚರ್ಚೆಗೆ ನಾವು ಇಲ್ಲಿ ಕೈಹಾಕುತ್ತಿಲ್ಲ. ಎರಡೂ ಪಕ್ಷದವರು ಒಪ್ಪಲೇಬೇಕಾದ ಮಾತನ್ನಷ್ಟೇ ಹೇಳುತ್ತಿದ್ದೇವೆ.

ಪಟಾಕಿಯ ವಿಚಾರವಂತೂ ಇನ್ನೂ ಸ್ಪಷ್ಟ. ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರ ಕೈಗೆ ಕೊಡುವುದನ್ನು ರತ್ನಕರಂಡಕವು ಹಿಂಸಾದಾನವೆಂದು ಕರೆಯುತ್ತದೆ. ಕೊಡಬಾರದ ಆ ವಸ್ತುಗಳಲ್ಲಿ ಬೆಂಕಿಯೂ ಒಂದು. ಹಬ್ಬದ ಉಡುಗೊರೆಯೆಂದು ಮಗುವಿನ ಕೈಗೆ ಪಟಾಕಿಯ ಪೆಟ್ಟಿಗೆಯನ್ನು ಇಡುವ ತಂದೆ ಕೊಟ್ಟದ್ದು ಯಾವ ದಾನ? ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರವರೆಗೆ ಎರಡು ಗಂಟೆಗಳ ಮಿತಿ ಹಾಕಿತು. ನಮ್ಮ ಶಾಸ್ತ್ರವು ಎರಡು ಕ್ಷಣಗಳನ್ನೂ ಕೊಟ್ಟಿಲ್ಲ. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಅಂಚಿನ ಅತ್ತಿಬೆಲೆಯಲ್ಲಿ ಪಟಾಕಿಯ ದಾಸ್ತಾನಿಗೆ ಬೆಂಕಿ ಹತ್ತಿ 14ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ದೀಪಾವಳಿಯ ಹಂಗಾಮಿನ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದಿದ್ದ ಯುವಕರು. ನಮ್ಮ ಮನೆಯಂಗಳದ ಕ್ಷಣಿಕ ಬೆಳಕಿನ ಹಿಂದೆ ಯಾರ ಮನೆಯ ಕತ್ತಲೆಯಿದೆ ಎಂಬುದು ಅಂಗಡಿಯಿಂದ ಕೊಂಡು ತಂದವನಿಗೆ ಕಾಣುವುದಿಲ್ಲ.

ಗುತ್ತಿಗೆಯ ದೋಷವಿರುವುದೂ ಈ ಕಾಣದಿರುವುದರಲ್ಲಿಯೇ. ಥರ್ಮೊಕೋಲಿನ ಅಲಂಕಾರವನ್ನು ಕೇಂದ್ರ ಸರಕಾರವು 2022ರ ಜುಲೈ 1ರಿಂದ ನಿಷೇಧಿಸಿದೆ. ಆದರೂ ಮಂಟಪದ ಕಮಾನು ಯಾವುದರಿಂದ ಮಾಡಿದ್ದೆಂದು ಕೇಳಿದ ಆಡಳಿತ ಮಂಡಳಿಗಳು ಎಷ್ಟು? ವೇದಿಕೆಯ ಹಿಂದಿನ ಪರದೆ ರೇಷ್ಮೆಯದಾದರೆ, ಗೂಡಿನೊಳಗಿನ ಹುಳುವನ್ನು ಬಿಸಿಯಾವಿಯಲ್ಲಿ ಕೊಂದು ತೆಗೆದ ನೂಲು ಅದೆಂಬುದನ್ನು ನೆನಪಿಸುವವರು ಯಾರು? ತಾನೇ ಮರದ ಬಳಿ ಹೋಗಿ ಮಾವಿನ ಎಲೆಯನ್ನು ಕಿತ್ತವನಿಗೆ ಎಷ್ಟು ಎಲೆ ಕಿತ್ತೆನೆಂಬುದು ಗೊತ್ತಿರುತ್ತದೆ. ತೋರಣಕ್ಕೆ ಸಾಕೆನಿಸಿದಾಗ ಅವನ ಕೈ ತಾನಾಗಿ ನಿಲ್ಲುತ್ತದೆ. ದರಪಟ್ಟಿಯಲ್ಲಿ ಅಂಥ ನಿಲುಗಡೆಯಿಲ್ಲ. ಅಲ್ಲಿ ಮಿತಿಯನ್ನು ಹಾಕುವುದು ಹಣ ಮಾತ್ರ. ಹಣವಿದ್ದಲ್ಲಿ ಮಿತಿಯೂ ಇಲ್ಲ. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳಬೇಕಾದ ವ್ರತಿಗಳ ಸಮಾಜಕ್ಕೆ ಇದು ಒಪ್ಪುವ ಮಾತೇ?

ಇನ್ನೊಂದು ಆಕ್ಷೇಪವು ಶ್ರಾವಿಕೆಯರಿಂದ ಬರುತ್ತದೆ. ಅದು ನ್ಯಾಯವಾದುದು. ಮನೆಗೆಲಸ, ಹಬ್ಬದ ಅಡಿಗೆ, ಹೊರಗಿನ ಉದ್ಯೋಗ ಇವೆಲ್ಲದರ ಮೇಲೆ ಅಲಂಕಾರವೂ ನಮ್ಮ ತಲೆಗೇ ಬೀಳುವುದಾದರೆ ಗುತ್ತಿಗೆಯೇ ಮೇಲು ಎಂದು ಅವರು ಹೇಳಿದರೆ ತಪ್ಪೆನ್ನಲಾಗದು. ಕೈಯಾರೆ ಮಾಡಬೇಕೆಂದು ಉಪದೇಶಿಸುವ ಗಂಡಸರು ಆ ಕೈ ತಮ್ಮದೂ ಹೌದೆಂಬುದನ್ನು ನೆನಪಿಡಬೇಕು. ಏಣಿ ಹತ್ತಿ ತೋರಣ ಕಟ್ಟುವುದು, ಹಣತೆ ತೊಳೆದು ಒಣಗಿಸುವುದು, ಬತ್ತಿ ಹೊಸೆಯುವುದು, ಹಬ್ಬದ ಮರುದಿನ ಅಂಗಳವನ್ನು ಹಸನುಮಾಡುವುದು, ಇವುಗಳಲ್ಲಿ ಯಾವುದೂ ಹೆಂಗಸರಿಗಷ್ಟೇ ಮೀಸಲಲ್ಲ. ಮನೆಯವರೆಲ್ಲ ಹಂಚಿಕೊಂಡರೂ ಪೂರೈಸದಷ್ಟು ಅಲಂಕಾರವಿದ್ದರೆ ಅದು ಆ ಮನೆಗೆ ಹೆಚ್ಚಾಯಿತೆಂದೇ ಅರ್ಥ. ಹತ್ತು ಹಣತೆಗೆ ಸಮಯವಿದ್ದವರು ಹತ್ತನ್ನೇ ಹಚ್ಚಲಿ.

ಮೆರುಗಿಲ್ಲದಿದ್ದರೆ ಯುವಕರು ಬಸದಿಯತ್ತ ತಿರುಗಿಯೂ ನೋಡುವುದಿಲ್ಲ ಎಂಬ ಮಾತೂ ಕೇಳಿಬರುತ್ತದೆ. ಸೌಂದರ್ಯಕ್ಕೆ ಜೈನಧರ್ಮವು ಎಂದೂ ವೈರಿಯಾಗಿರಲಿಲ್ಲ. ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು ಕಂಡವರಾರೂ ಹಾಗೆನ್ನಲಾರರು. ಪಂಪನು 941ರ ಆದಿಪುರಾಣದಲ್ಲಿ ಉತ್ಸವಗಳನ್ನು ವರ್ಣಿಸಿದ ಸೊಗಸನ್ನು ಬಲ್ಲವರಾರೂ ಹಾಗೆನ್ನಲಾರರು. ಆದರೆ ಅದೇ ಕಾವ್ಯದ ನೀಲಾಂಜನೆಯ ಪ್ರಸಂಗವನ್ನು ನೆನಪಿಗೆ ತಂದುಕೊಳ್ಳಿ. ತುಂಬಿದ ಸಭೆಯಲ್ಲಿ ನರ್ತಿಸುತ್ತಿದ್ದಂತೆಯೇ ಅವಳ ಆಯುಷ್ಯ ತೀರಿತು. ರಸಭಂಗವಾಗದಂತೆ ಇಂದ್ರನು ಒಡನೆಯೇ ಅವಳಂಥ ಮತ್ತೊಬ್ಬಳನ್ನು ಸೃಷ್ಟಿಸಿದನು. ಸಭೆಗೆ ಅದು ತಿಳಿಯಲಿಲ್ಲ, ಸಂಭ್ರಮ ಮುಂದುವರಿಯಿತು. ಉತ್ಸವದ ನಡುವೆ ಒಂದು ಜೀವ ಆರಿಹೋದುದನ್ನು ಗಮನಿಸಿದವನು ಆದಿದೇವನೊಬ್ಬನೇ. ಆ ಗಮನದಿಂದಲೇ ವೈರಾಗ್ಯವು ಹುಟ್ಟಿತು, ತೀರ್ಥವು ಪ್ರವರ್ತಿಸಿತು. ನಮ್ಮ ಮಕ್ಕಳನ್ನು ಆ ಸಭೆಯಂತೆ ಬೆಳೆಸುತ್ತೇವೆಯೋ, ಗಮನಿಸುವವರನ್ನಾಗಿ ಬೆಳೆಸುತ್ತೇವೆಯೋ? ನಿರ್ಧಾರವು ಹಿರಿಯರ ಕೈಯಲ್ಲಿದೆ.

ಮಾರ್ಗವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಕರಾವಳಿಯ ಮನೆಗಳಲ್ಲಿ ಗೂಡುದೀಪವಿದೆ, ಉತ್ತರದ ಜಿಲ್ಲೆಗಳಲ್ಲಿ ಆಕಾಶಬುಟ್ಟಿಯಿದೆ. ಬಿದಿರಿನ ಕಡ್ಡಿಯನ್ನು ಅಜ್ಜ ಸೀಳಿ ಕೊಡಬೇಕು, ಬಣ್ಣದ ಕಾಗದವನ್ನು ಮೊಮ್ಮಕ್ಕಳು ಕತ್ತರಿಸಿ ಅಂಟಿಸಬೇಕು. ಎರಡು ಸಂಜೆಗಳ ಕೆಲಸ, ಅಷ್ಟು ಹೊತ್ತು ಕುಟುಂಬವು ಒಂದೇ ಚಾಪೆಯ ಮೇಲೆ ಕುಳಿತಿರುತ್ತದೆ. ನಾಲ್ಕೂ ಕಡೆ ಕಾಗದದ ಮರೆಯಿರುವುದರಿಂದ ಬೆಳಕು ಮೃದುವಾಗುತ್ತದೆ, ಹಾತೆಯು ನೇರವಾಗಿ ಉರಿಗೆ ಬೀಳುವುದಿಲ್ಲ. ಬಾಗಿಲ ಹಣತೆಗಳಿಗೆ ಗಾಜಿನ ಮರೆಯಿಡಬಹುದು. ವಿದ್ಯುದ್ದೀಪ ಬೇಕೇ ಬೇಕೆಂದಾದರೆ ಬಿಳಿಯದಕ್ಕಿಂತ ಹಳದಿಯದು ಹುಳುಗಳನ್ನು ಕಡಿಮೆ ಸೆಳೆಯುತ್ತದೆ. ರಂಗವಲ್ಲಿಗೆ ಮೊದಲು ಅಂಗಳವನ್ನು ಮೃದುವಾದ ಪೊರಕೆಯಿಂದ ಗುಡಿಸಿ, ಇರುವೆಯ ಸಾಲಿದ್ದರೆ ಆ ಜಾಗವನ್ನು ಬಿಟ್ಟು ಬರೆಯಲು ಮಗಳಿಗೂ ಮಗನಿಗೂ ಕಲಿಸಬಹುದು. ಮಗುವು ಏಕೆಂದು ಕೇಳುತ್ತದೆ. ಅಂದು ಅದಕ್ಕೆ ಕೊಡುವ ಉತ್ತರವೇ ಅಹಿಂಸೆಯ ಮೊದಲ ಪಾಠ.

ಬಸದಿಗಳ ಧರ್ಮದರ್ಶಿಗಳಲ್ಲಿ ನಮ್ಮ ವಿಜ್ಞಾಪನೆ ಇದು. ಈ ವರ್ಷದ ಸಭೆಯಲ್ಲಿ ಅಲಂಕಾರದ ದರಪಟ್ಟಿಯನ್ನು ತರಿಸುವ ಮೊದಲು ನಾಲ್ಕು ನಿರ್ಣಯಗಳನ್ನು ಕೈಗೊಳ್ಳಿರಿ. ಬಸದಿಯ ಒಂದೊಂದು ಭಾಗದ ಸಿಂಗಾರವನ್ನು ಒಂದೊಂದು ಕುಟುಂಬಕ್ಕೆ ಸರದಿಯಂತೆ ವಹಿಸುವುದು, ಬಡಕುಟುಂಬಕ್ಕೂ ಸಿರಿವಂತ ಕುಟುಂಬಕ್ಕೂ ಸಮಪಾಲು ಬರುವಂತೆ ನೋಡಿಕೊಳ್ಳುವುದು. ಉತ್ಸವದ ಮುಖ್ಯ ಕಾರ್ಯಕ್ರಮವನ್ನು ಬೆಳಗಿನ ಜಾವಕ್ಕೆ ಮರಳಿ ತರುವುದು, ಸಂಜೆಯ ಆರತಿ ಮುಗಿದೊಡನೆ ಹೊರಗಿನ ದೀಪಗಳನ್ನು ಆರಿಸುವುದು. ಬಸದಿಯ ಆವರಣದಲ್ಲಿ ಪಟಾಕಿ, ಥರ್ಮೊಕೋಲು, ಪ್ಲಾಸ್ಟಿಕ್ ಹೂವುಗಳಿಗೆ ಪ್ರವೇಶವಿಲ್ಲವೆಂದು ಫಲಕ ಹಾಕುವುದು. ಉಳಿದ ಹಣವನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಿಗೆ ವಿನಿಯೋಗಿಸಿ ಲೆಕ್ಕವನ್ನು ಸಮಾಜದ ಮುಂದಿಡುವುದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆ ಈ ನಾಡಿನವಳು. ಅವಳ ಹೆಸರು ಸಾವಿರ ವರ್ಷ ಉಳಿದದ್ದು ದಾನದಿಂದ.

ಶ್ರಾವಕ ಬಂಧುಗಳೇ, ವೀರನಿರ್ವಾಣ ಸಂವತ್ಸರದ ಹೊಸ ವರ್ಷವು ಅಮಾವಾಸ್ಯೆಯ ಮರುದಿನವೇ ಆರಂಭವಾಗುತ್ತದೆ. ಆ ದಿನ ಬೆಳಿಗ್ಗೆ ಬಾಗಿಲು ತೆರೆದಾಗ ಮಕ್ಕಳು ತಾವೇ ಕಟ್ಟಿದ ತೋರಣವನ್ನು ಕಾಣಲಿ, ದೀಪದ ಕೆಳಗೆ ಗುಡಿಸಿ ಎಸೆಯಬೇಕಾದ ಜೀವಗಳು ಇಲ್ಲದಿರಲಿ. ಅಷ್ಟಾದರೆ ಆ ಮನೆಯಲ್ಲಿ ನಿರ್ವಾಣೋತ್ಸವ ನಡೆಯಿತೆಂದು ಧೈರ್ಯವಾಗಿ ಹೇಳಬಹುದು.